ಬೆಟ್ಟಂಪಾಡಿಗೆ ಬರೆದು ಕೊಡಬೇಕಾದ ಕೇಕ್

ಸುಳ್ಯ
18 ಮೇ 2025, ಭಾನುವಾರ

ಹರಿಣಾಕ್ಷಿ,

ಡಬ್ಬಿಯನ್ನು ಆಮೇಲೆ ತೆರೆ, ಪತ್ರವನ್ನು ಮೊದಲು ಓದು. ನಮ್ಮ ನೆರೆಮನೆಯ ಝೈನಬಳ ಗಂಡ ಅಸ್ಕರ್ ನಾಳೆ ಬೆಳಿಗ್ಗೆ ಬೇಕರಿ ಸಾಮಾನು ತುಂಬಿಕೊಂಡು ಕಡಬಕ್ಕೆ ಹೊರಡುತ್ತಾನೆ. ಕೊಯಿಲದಲ್ಲಿ ನಿಮ್ಮ ಜಾನುವಾರು ಕ್ಷೇತ್ರದ ಗೇಟಿನ ಹತ್ತಿರ ಎರಡನ್ನೂ ನಿನ್ನ ಕೈಗೇ ಕೊಡುವುದಾಗಿ ಒಪ್ಪಿದ್ದಾನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟವಾಯಿತೇ ಎಂದು ಕೇಳುತ್ತೇವೆ, ಆಯಿತು ಎನ್ನುತ್ತೇವೆ, ಅನಂತರ ಯಾರು ಮೊದಲು ಇಡುವುದೆಂದು ಕಾಯುತ್ತೇವೆ. ಈ ವಿಷಯ ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ.

ಡಬ್ಬಿಯಲ್ಲಿರುವುದು ಕಾಫಿ ಕೇಕ್. ನಾನು ಮಾಡಿದ್ದು. ನಗಬೇಡ ಎಂದು ಬರೆಯುವುದಿಲ್ಲ. ನೀನು ನಕ್ಕೆಯೋ ಇಲ್ಲವೋ ಎಂದು ನೋಡಿಕೊಂಡು ಬರಲು ಅಸ್ಕರನಿಗೆ ಹೇಳಬೇಕೆಂದುಕೊಂಡಿದ್ದೆ, ಹೇಳಲಿಲ್ಲ.

ವಿಷಯವನ್ನು ನೇರವಾಗಿ ಬರೆಯುತ್ತೇನೆ. ಬೆಟ್ಟಂಪಾಡಿಯ ತ್ಯಾಂಪಣ್ಣ ಎಂಬವರು ತಮ್ಮ ಎರಡನೆಯ ಮಗ ಸಂಪ್ರೀತನಿಗೆ ನಮ್ಮ ಪ್ರಣೀತಾಳನ್ನು ಕೇಳಿಕೊಂಡು ಬಂದಿದ್ದಾರೆ. ಆ ಹುಡುಗ ಕಾಮಾಲೆಯಿಂದ ತೀರಿಕೊಂಡು ಹತ್ತು ವರ್ಷವಾಯಿತಂತೆ. ಆಗ ಅವನಿಗೆ ಹತ್ತೊಂಬತ್ತು. ನಮ್ಮ ಮಗಳು ಡೆಂಗಿಯಲ್ಲಿ ಹೋಗಿ ಬರುವ ಜುಲೈಗೆ ಹನ್ನೊಂದು ತುಂಬುತ್ತದೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಪ್ರಾಯ ಬಂದಾಗ ಎರಡೂ ಕಡೆಯ ಹಿರಿಯರು ಕೂತು, ಕುಲದ ಬಳಿ ನೋಡಿ, ದಿನ ಗೊತ್ತುಮಾಡಿ ಧಾರೆ ಎರೆದು ಕೊಡುವ ನಮ್ಮ ಕಡೆಯ ಕ್ರಮವನ್ನು ನಾನು ನಿನಗೆ ವಿವರಿಸಬೇಕಾಗಿಲ್ಲ. ನಾನು ಅವರಿಗೆ ಒಪ್ಪಿಗೆ ಕೊಟ್ಟಿಲ್ಲ. ಇಲ್ಲವೆಂದೂ ಹೇಳಿಲ್ಲ. ನಿನ್ನನ್ನು ಕೇಳದೆ ಹೇಳುವ ಮಾತಲ್ಲ ಎಂದು ಮಾತ್ರ ಹೇಳಿದ್ದೇನೆ.

ನಿನ್ನ ಉತ್ತರ ನನಗೆ ಗೊತ್ತು. ಕಳೆದ ದೀಪಾವಳಿಗೆ ನೀನು ಬಂದಿದ್ದಾಗ, ಹೀಗೆ ಒಂದು ಯೋಚನೆ ಇದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹೇಳಿದ್ದು ನೆನಪಿದೆ. "ಅವಳಿಗೆ ಹದಿನೈದು. ಹದಿನೈದರ ಮಕ್ಕಳಿಗೆ ಮದುವೆ ಮಾಡ್ಲಿಕ್ಕೆ ಹೊರಟ್ರೆ ಪೊಲೀಸರು ಬರ್ತಾರೆ, ಗೊತ್ತುಂಟಾ ನಿಮಗೆ?" ಎಂದೆ. ನಾನು ಅವಳಿಗೆ ಈಗ ಇಪ್ಪತ್ತಾರು ಎಂದೆ. "ನಿಮ್ಮ ಲೆಕ್ಕದಲ್ಲಿ" ಎಂದು ನೀನು ಕೇಕಿನ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿ ಬಸ್ಸಿಗೆ ಹೊರಟೆ. ಈ ಮನೆಯಲ್ಲಿ ಎಲ್ಲದಕ್ಕೂ ಅಳತೆ ಉಂಟು, ಅಳಲಿಕ್ಕೆ ಮಾತ್ರ ಜಾಗ ಇಲ್ಲ ಎಂದು ಹೇಳಿ ನೀನು ಕೊಯಿಲಕ್ಕೆ ವರ್ಗ ಮಾಡಿಸಿಕೊಂಡು ಹೋದವಳು. ಆದ್ದರಿಂದ ಇದು ನಿನ್ನನ್ನು ಒಪ್ಪಿಸಲು ಬರೆದ ಪತ್ರವಲ್ಲ. ಅಲ್ಲಿ ನಾನು ಕಂಡದ್ದನ್ನು ತಿಳಿಸುತ್ತೇನೆ. ಅಳೆದು ನೋಡುವುದು ಈ ಸಲ ನಿನಗೆ ಬಿಟ್ಟದ್ದು.

ತ್ಯಾಂಪಣ್ಣನವರು ಬಂದದ್ದು ಮಾರ್ಚಿ ತಿಂಗಳಿನ ಒಂದು ಸಂಜೆ. ಅರುವತ್ತು ದಾಟಿದವರು, ಸ್ವರ ದೊಡ್ಡದು. ಹೆಣ್ಣು ನೋಡಲು ಬಂದವರಂತೆಯೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣು ತುಂಬಿದ ತೊಟ್ಟೆ. ನೀರು ಬೆಲ್ಲ ಮುಟ್ಟಿದ ಮೇಲೆ ಹುಡುಗಿಯ ಫೋಟೋ ಉಂಟಾ ಎಂದು ಕೇಳಿದರು. ಗೋಡೆಯ ಕಡೆಗೆ ಕೈ ತೋರಿಸಿದೆ. ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ಎಷ್ಟೋ ಹೊತ್ತು ನೋಡಿದರು. ನಂತರ ಕಿಸೆಯಿಂದ ತಮ್ಮ ಹುಡುಗನ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮವನದ್ದು ಬಣ್ಣ ಸ್ವಲ್ಪ ಕಮ್ಮಿ. ಆದರೆ ಗುಣ ಚಿನ್ನ ಮಾರಾಯ್ರೆ. ಬೀಡಿ ಇಲ್ಲ, ಶರಾಬು ಇಲ್ಲ. ಡಿಪ್ಲೊಮಾ ಎರಡನೇ ವರ್ಷ. ಈಗ ಇರ್ತಿದ್ರೆ ಇಪ್ಪತ್ತೊಂಬತ್ತು. ನಿಮ್ಮ ಮಗಳಿಗೆ ಇಪ್ಪತ್ತಾರು ಅಂತ ಕೇಳಿದೆ. ಮೂರು ವರ್ಷದ ಅಂತರ ಹದ ಅಲ್ವಾ?"

ಪ್ರಣೀತಾಳಿಗೆ ಇಪ್ಪತ್ತಾರು ಎಂದು ನನ್ನನ್ನು ಬಿಟ್ಟು ಬೇರೊಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರೂ ನಮ್ಮವರೇ, ಮನೆಯಲ್ಲಿ ಮಾತು ತುಳು. ಬಳಿ ಬೇರೆ, ಸಂಬಂಧಕ್ಕೆ ಅಡ್ಡಿಯಿಲ್ಲ. ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಳತೆಯ ಉಪಕರಣಗಳ ಜೊತೆ ಇದ್ದವನು, ಕಾಣದ್ದನ್ನು ನಂಬುವ ಅಭ್ಯಾಸವಿಲ್ಲ ಎಂದು ವಿನಯದಿಂದಲೇ ಹೇಳಿದೆ. ತ್ಯಾಂಪಣ್ಣನವರು ಸ್ವರ ತಗ್ಗಿಸಿದರು. "ನಾನು ಸಹ ಅಷ್ಟೇನೂ ನಂಬುದಿಲ್ಲ ತೀರ್ಥರಾಮಣ್ಣ. ಆದ್ರೆ ನಮ್ಮ ಮನೆಯವಳು ದೀಪಾವಳಿಗೆ ಅವನಿಗೆ ಬಡಿಸುವಾಗ ಎರಡು ಎಲೆ ಹಾಕ್ತಾಳೆ. ಪ್ರಾಯದ ಹುಡುಗ ಒಬ್ಬನೇ ಕೂತು ಉಣ್ಣುದು ಬೇಡ ಅಂತ. ಆ ಇನ್ನೊಂದು ಎಲೆಗೆ ಒಬ್ಬರ ಹೆಸರು ಅಂತ ಇಲ್ಲ. ಅದನ್ನು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ."

ಏಪ್ರಿಲಿನಲ್ಲಿ ನಾನು ಬೆಟ್ಟಂಪಾಡಿಗೆ ಹೋದೆ. ನಿನಗೆ ತಿಳಿಸದೆ ಹೋದದ್ದು ಸರಿಯಲ್ಲ. ಮನೆ ನೋಡಿದ ಮೇಲೆ ಬೇಡವೆನಿಸಿದರೆ ನಿನಗೆ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ಯೋಚಿಸಿದ್ದೆ. ಬೇಡವೆನಿಸಲಿಲ್ಲ.

ತುಂಬಿದ ಮನೆ. ಸಂಪ್ರೀತನ ಅಣ್ಣ, ಅತ್ತಿಗೆ ಪ್ರೀತಿಕಾ, ಅವರ ಇಬ್ಬರು ಮಕ್ಕಳು. ದೊಡ್ಡವಳು ಯಶಸ್ವಿ, ಎರಡನೇ ತರಗತಿಯವಳು, ನನ್ನ ಕುರ್ಚಿಯ ಎದುರಿಗೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಚಿಕ್ಕಮ್ಮನ ಅಪ್ಪನಾ?" ಎಂದಳು. ಯಾವ ಚಿಕ್ಕಮ್ಮ ಎಂದು ನಾನು ಕೇಳುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಬರ್ತಾರಲ್ಲ, ಪ್ರಣೀತಾ ಚಿಕ್ಕಮ್ಮ. ಅವರಿಗೆ ಕೂದಲು ಉದ್ದ ಉಂಟಾ?" ಪ್ರೀತಿಕಾ ಒಳಗಿನಿಂದ ಗದರಿಸಿದಳು. ನಾನು ಉದ್ದ ಉಂಟು ಎಂದೆ. ಹೌದಲ್ಲವೇ, ಆಸ್ಪತ್ರೆಯಲ್ಲಿ ಅದನ್ನು ಎರಡು ಜಡೆ ಹಾಕಿ ಕಟ್ಟಿದವಳು ನೀನೇ.

ತ್ಯಾಂಪಣ್ಣನವರ ಹೆಂಡತಿ ಪಂಕಜಾಕ್ಷಿಯವರದ್ದು ಮಾತು ಕಡಿಮೆ, ಕೆಲಸದ ಮಾತು ಮಾತ್ರ. ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ಧಾರೆ ಸೀರೆ ಗಂಡಿನ ಕಡೆಯಿಂದಲ್ಲವೇ, ರವಿಕೆಗೆ ಅಳತೆ ಎಷ್ಟು ಕೊಡುವುದು ಎಂದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಅಳೆದು ಸಹಿ ಹಾಕಿ ಕೊಡುವ ನಾನು ಆ ಅಳತೆಯನ್ನು ಮನಸ್ಸಿನಲ್ಲೇ ನಮ್ಮ ಮನೆಯಲ್ಲಿ ಹುಡುಕತೊಡಗಿದೆ. ನಮ್ಮ ಅಡುಗೆಮನೆಯ ಬಾಗಿಲಿನ ದಾರಂದದಲ್ಲಿ ಅವಳ ಎತ್ತರದ ಗೆರೆಗಳಿವೆ. ಕೊನೆಯ ಗೆರೆ ಹದಿನೈದರದ್ದು. ಅದರ ಮೇಲೆ ಖಾಲಿ ಮರ. ಇಪ್ಪತ್ತಾರರ ಹೆಣ್ಣಿನ ತೋಳು ಎಷ್ಟು, ಸುತ್ತಳತೆ ಎಷ್ಟು? ಹದಿನೈದರ ಅಳತೆ ಕೊಟ್ಟರೆ ಬಿಗಿಯಾದೀತೇ? ಪಂಕಜಾಕ್ಷಿಯವರು ನನ್ನನ್ನು ಹೆಚ್ಚು ಹೊತ್ತು ಕೂರಿಸಲಿಲ್ಲ. "ಅವಳ ಅಮ್ಮನ ಹತ್ರ ಕೇಳಿ ಹೇಳಿ. ಗಂಡಸರಿಗೆ ಇದೆಲ್ಲ ಎಂತ ಗೊತ್ತುಂಟು" ಎಂದರು.

ಎರಡನೆಯದು, ಅವಳಿಗೆ ಎಂತ ಇಷ್ಟ ಎಂದು. "ನಾಳೆಯಿಂದ ಅವಳ ಎಲೆ ಇಲ್ಲಿ ಅಲ್ವಾ. ಬಂದವಳಿಗೆ ಬೇಡದ್ದು ಬಡಿಸುದು ಹೇಗೆ?"

ಕಾಫಿ ಕೇಕ್ ಎಂದೆ.

"ಕೇಕಾ? ಬೇಕರಿಯದ್ದಾ?"

ಅಲ್ಲ, ಅವಳ ಅಮ್ಮ ಮಾಡುವುದು, ಮೇಲೆ ಗೇರುಬೀಜ ಹಾಕಿ ಮಾಡುತ್ತಾಳೆ ಎಂದೆ. ಅವರು ಸೊಸೆಯ ಕಡೆಗೆ ತಿರುಗಿದರು, ಮತ್ತೆ ನನ್ನ ಕಡೆಗೆ. "ಹಾಗಾದ್ರೆ ಮಾಡುವ ಕ್ರಮ ಬರೆದು ಕೊಡಿ. ಪ್ರೀತಿಕಾ ಕಲೀತಾಳೆ. ಅಮ್ಮ ಮಾಡಿದ ಹಾಗೇ ಆಗ್ಬೇಕು. ಇಲ್ಲದಿದ್ರೆ ಹೊಸ ಮನೆಯಲ್ಲಿ ಹುಡುಗಿ ಹೇಳ್ಲಿಕ್ಕೂ ಆಗದೆ ಬೇಜಾರು ಮಾಡ್ತಾಳೆ."

ನಾನು ಅಲ್ಲಿಂದ ಹೊತ್ತುಕೊಂಡು ಬಂದದ್ದು ಈ ಕೆಲಸವನ್ನು.

ಮನೆಗೆ ಬಂದು ಹುಡುಕಿದೆ. ನೀನು ಆ ಕೇಕನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಕ್ಯಾಲೆಂಡರಿನ ಹಿಂಭಾಗದಲ್ಲಿಲ್ಲ, ಹಳೆಯ ಡೈರಿಗಳಲ್ಲಿಲ್ಲ. ಮೊದಲಿಗೆ ಸ್ವಲ್ಪ ಸಿಟ್ಟು ಬಂತು. ಆಮೇಲೆ, ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಅಡುಗೆಯನ್ನು ಜನ ಯಾವಾಗಿನಿಂದ ಬರೆಯತೊಡಗಿದರು, ಯಾಕೆ ಬರೆದರು ಎಂದು ಓದುತ್ತ ಹೋದೆ. ಸುಮಾರು ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಬಾಬಿಲೋನಿನ ಕಡೆಯವರು ಮಣ್ಣಿನ ಹಲಗೆಗಳ ಮೇಲೆ ಅಡುಗೆ ಬರೆದಿದ್ದರಂತೆ. ಮಾಂಸ, ನೀರು, ಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ ಎಂದು ಹೆಸರುಗಳಿವೆ. ಎಷ್ಟು ಎಂದು ಹೆಚ್ಚಿನ ಕಡೆ ಇಲ್ಲ. ಎಷ್ಟು ಹೊತ್ತು ಎಂದೂ ಇಲ್ಲ. ನಮ್ಮ ಕನ್ನಡದಲ್ಲೇ ಐನೂರು ವರ್ಷಗಳ ಹಿಂದೆ ಅಡುಗೆಯನ್ನು ಪದ್ಯದಲ್ಲಿ ಕಟ್ಟಿದವರಿದ್ದರು. ಹಾಡಬಹುದು, ಆದರೆ ಅದನ್ನು ನೋಡಿ ನಾನು ಬೇಯಿಸಲಾರೆ. ಒಲೆಯ ಶಾಖಕ್ಕೆ ಅಂಕೆ ಬಂದದ್ದು ತೀರ ಈಚೆಗೆ. ಅದಕ್ಕೆ ಮೊದಲು ಕೆಲವರು ಒಲೆಯೊಳಗೆ ಕಾಗದದ ತುಂಡನ್ನಿಟ್ಟು, ಅದು ಎಷ್ಟು ಬೇಗ ಕಂದಾಗುತ್ತದೆ ಎಂದು ನೋಡಿ ಕೇಕ್ ಇಡುತ್ತಿದ್ದರಂತೆ. ಚಮಚವನ್ನು ಮಟ್ಟಸವಾಗಿ ತುಂಬಬೇಕು ಎಂಬ ಮಾತು ಎಲ್ಲ ಕಡೆ ಹರಡಿ ನೂರೈವತ್ತು ವರ್ಷವೂ ಆಗಿಲ್ಲ.

ಅಷ್ಟು ಸಾವಿರ ವರ್ಷ ಅಳತೆಯಿಲ್ಲದೆ ಯಾಕೆ ಬರೆದರು ಎಂದು ನಾನು ಕೆಲವು ದಿನ ಯೋಚಿಸಿದೆ. ಓದುವವನು ಅದೇ ಅಡುಗೆಮನೆಯಲ್ಲಿ ನಿಂತಿದ್ದ, ಎಷ್ಟೆಂದು ಅವನಿಗೆ ಗೊತ್ತಿತ್ತು. ಬರಹ ಅವನಿಗೆ ನೆನಪು ಮಾಡಿದರೆ ಸಾಕಿತ್ತು. ಮಗಳನ್ನು ದೂರ ಕೊಡುವಾಗ, ಮಗ ಹಡಗು ಹತ್ತುವಾಗ, ಅಡುಗೆ ಗೊತ್ತಿದ್ದವರು ಹಾಸಿಗೆ ಹಿಡಿದಾಗ, ಆಗ ಮಾತ್ರ ಎಷ್ಟು ಎಂಬುದನ್ನು ಬರೆಯಬೇಕಾಯಿತು. ಎಲ್ಲರೂ ಮನೆಯಲ್ಲಿರುವಾಗ ಯಾರೂ ಅಳತೆ ಬರೆಯುವುದಿಲ್ಲ, ಹರಿಣಾಕ್ಷಿ. ನೀನು ಬರೆಯದೇ ಇದ್ದದ್ದು ಯಾಕೆಂದು ಅರ್ಥವಾದಾಗ ನನ್ನ ಸಿಟ್ಟು ಇಳಿಯಿತು.

ಬರಹ ಇಲ್ಲದ ಮೇಲೆ ಮಾಡಿಯೇ ನೋಡಬೇಕಲ್ಲ. ನಿನ್ನ ಗುಂಡು ಓವನ್ ನಿನ್ನ ಜೊತೆ ಕೊಯಿಲಕ್ಕೆ ಹೋಗಿದೆ, ನಾನೊಂದು ಸಣ್ಣ ಓವನ್ ತಂದೆ. ಅದರ ಗುಂಡಿ ನೂರೆಂಬತ್ತು ಎಂದರೆ ಒಳಗೆ ನೂರ ಅರುವತ್ತನಾಲ್ಕು. ತಾಪ ಅಳೆಯುವ ತಂತಿ ಇಟ್ಟು, ಗುಂಡಿಯ ಸುತ್ತ ಹೊಸ ಗುರುತು ಹಾಕಿದೆ. ಇಷ್ಟೆಲ್ಲ ಮಾಡಿ ಇಂಟರ್‌ನೆಟ್ಟಿನಿಂದ ಒಂದು ಅಮೆರಿಕದ ಕ್ರಮವನ್ನು ಗ್ರಾಂ ಲೆಕ್ಕದಲ್ಲಿ ಪಾಲಿಸಿ ಮೊದಲ ಕೇಕ್ ಮಾಡಿ, ಝೈನಬಳನ್ನು ಕರೆದು ಕೊಟ್ಟೆ. ನಿನಗೆ ಕೇಕ್ ಕಲಿಸಿದವಳು ಅವಳೇ ತಾನೆ, ಅವಳ ನಾಲಿಗೆ ಒಪ್ಪಿದರೆ ಆಯಿತು ಎಂದುಕೊಂಡಿದ್ದೆ. ಅವಳು ಒಂದು ತುಂಡು ಬಾಯಿಗಿಟ್ಟು ನನ್ನ ಮುಖ ನೋಡಿದಳು.

"ಸಾರ್, ಕಾಫಿ ಎಲ್ಲಿ?"

ಇದರಲ್ಲಿ ಕಾಫಿ ಇಲ್ಲ, ಅಲ್ಲಿಯವರು ಇದನ್ನು ಕಾಫಿಯ ಜೊತೆ ತಿನ್ನುವುದರಿಂದ ಆ ಹೆಸರು ಎಂದು ವಿವರಿಸಿದೆ.

"ಅಲ್ಲ ಸಾರ್, ಹಾಗಾದ್ರೆ ನಾವು ಚಾಯದ ಜೊತೆ ತಿನ್ನುವ ಖಾರಕಡ್ಡಿಗೆ ಎಂತ ಹೇಳುದು? ಹರಿಣಕ್ಕ ಕೇಳಿದ್ರೆ ಬಿದ್ದು ಬಿದ್ದು ನಗ್ತಾರೆ."

ಅವಳು ನಗುತ್ತಿದ್ದವಳು ನಡುವೆಯೇ ನಿಲ್ಲಿಸಿ, ತಲೆಯ ಮೇಲಿನ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಪ್ರಣೀತಾ ಶಾಲೆಯಿಂದ ಬಂದು ನೇರವಾಗಿ ಅವರ ಅಡುಗೆಮನೆಗೆ ಹೋಗುತ್ತಿದ್ದದ್ದು ಅವಳಿಗೂ ನೆನಪಾಗಿರಬೇಕು. ಎರಡನೆಯದಕ್ಕೆ ಫಿಲ್ಟರಿನ ಡಿಕಾಕ್ಷನ್ ಹಾಕಿದೆ. ಮೂರನೆಯದಕ್ಕೆ ಸಕ್ಕರೆಯ ಒಂದು ಪಾಲನ್ನು ತೆಗೆದು ಮೇಲಿನ ಗೇರುಬೀಜಕ್ಕೆ ಬೆಲ್ಲ ಬೆರೆಸಿದೆ. ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದೆ. ಝೈನಬ ಒಂದು ದಿನ ಬೇಸತ್ತು ಹೇಳಿದಳು, "ನೀವು ಗ್ರಾಮು ಗ್ರಾಮು ಅಂತ ಕೇಳ್ಬೇಡಿ ಸಾರ್. ನಾನು ಅಕ್ಕನಿಗೆ ಬಾಯಿಮಾತಲ್ಲಿ ಹೇಳಿದ್ದು. ಅವರು ಮತ್ತೆ ಮಗಳ ಬಾಯಿಗೆ ಬೇಕಾದ ಹಾಗೆ ಬದಲಾಯಿಸಿದ್ರು. ಅದು ಈಗ ನನ್ನ ಕೇಕ್ ಅಲ್ಲ."

ಇಷ್ಟಾದ ಮೇಲೆ ಈಗ ನನ್ನ ಹತ್ತಿರ ಒಂದು ಬರಹ ಇದೆ. ಮೈದಾ ಇನ್ನೂರು ಗ್ರಾಂ. ಸಕ್ಕರೆ ನೂರಿಪ್ಪತ್ತು. ಬೆಣ್ಣೆ ನೂರು. ಮೊಟ್ಟೆ ಎರಡು. ಗಟ್ಟಿ ಮೊಸರು ಅರ್ಧ ಲೋಟ. ಬೇಕಿಂಗ್ ಪೌಡರ್ ಒಂದೂವರೆ ಚಮಚ. ಮೇಲೆ ಹಾಕಲು ಒಡೆದ ಗೇರುಬೀಜ, ತುರಿದ ಬೆಲ್ಲ, ಒಂದು ಚಮಚ ಬೆಣ್ಣೆ, ಚಿಟಿಕೆ ಚಕ್ಕೆಯ ಪುಡಿ, ಕೈಯಲ್ಲಿ ಹಿಸುಕಿ ಪುಡಿಪುಡಿಯಾದ ಮೇಲೆ ಉದುರಿಸಬೇಕು. ನಿನಗೆ ತಪ್ಪು ಕಂಡಲ್ಲಿ ಹೊಡೆದುಹಾಕು.

ಇದರಲ್ಲಿ ಒಂದು ಸಾಲನ್ನು ನಾನು ಯೋಚಿಸಿಯೇ ಬರೆದಿದ್ದೇನೆ. "ಗೇರುಬೀಜ ಉದುರಿಸುವಾಗ ಒಂದು ಅಂಚಿನಲ್ಲಿ ನಾಲ್ಕು ಬೆರಳಗಲ ಖಾಲಿ ಬಿಡಿ." ಪ್ರಣೀತಾ ಕೇಕ್ ಆರುವ ಮೊದಲೇ ಆ ಅಂಚಿನ ಗೇರುಬೀಜವನ್ನೆಲ್ಲ ಕಿತ್ತು ತಿನ್ನುತ್ತಿದ್ದಳು. ನೀನು ಆ ಬೋಳು ಅಂಚನ್ನು ಗೋಡೆಯ ಕಡೆಗೆ ತಿರುಗಿಸಿ ಮೇಜಿನ ಮೇಲಿಡುತ್ತಿದ್ದೆ, ನಾನು ನೋಡಲಿಲ್ಲ ಎಂದುಕೊಂಡು. ಅವಳು ಹೋದ ಮೇಲೆ, ಪ್ರತಿ ದೀಪಾವಳಿಗೆ ನೀನು ಕೊಯಿಲದಿಂದ ತಂದ ಕೇಕಿನಲ್ಲೂ ಆ ಅಂಚು ಬೋಳಾಗಿಯೇ ಇತ್ತು. ಕಿತ್ತದ್ದಲ್ಲ, ಹಾಕದೆ ಬಿಟ್ಟದ್ದು ಎಂದು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ನಾನು ಕೇಳಲಿಲ್ಲ. ಪ್ರೀತಿಕಾ ಇದನ್ನು ಓದಿ ಯಾಕೆಂದು ಕೇಳಿದರೆ ನಾನು ಹೇಳುವುದಿಲ್ಲ. ಅಡುಗೆಯ ಬರಹದಲ್ಲಿ ಕಾರಣ ಬರೆಯುವ ಪದ್ಧತಿ ಇಲ್ಲ. ಬರೆದಂತೆ ಅವಳು ಖಾಲಿ ಬಿಡುತ್ತಾಳೆ. ಅವಳಿಂದ ಕಲಿತು ಮುಂದೆ ಯಶಸ್ವಿಯೂ ಖಾಲಿ ಬಿಡುತ್ತಾಳೆ. ಯಾಕೆಂದು ತಿಳಿಯದೆ, ಬಹಳ ಕಾಲ.

ಇನ್ನೊಂದು ಸಾಲು ಖಾಲಿಯೇ ಇದೆ. ಡಿಕಾಕ್ಷನ್ ಎಷ್ಟು? ಐವತ್ತು ಎಂ.ಎಲ್. ಇಂದ ನೂರರವರೆಗೆ ಎಲ್ಲವನ್ನೂ ಮಾಡಿ ನೋಡಿದೆ. ಯಾವುದೂ ಅದಲ್ಲ. ಆಮೇ­ಲೆ ನೆನಪಾಯಿತು, ನೀನು ಅಳೆಯುತ್ತಲೇ ಇರಲಿಲ್ಲ. ಅವಳು ಯೂನಿಫಾರ್ಮಿನಲ್ಲೇ ನಿನ್ನ ಪಕ್ಕದಲ್ಲಿ ನಿಂತಿರುತ್ತಿದ್ದಳು. ಹಿಟ್ಟು ಅವಳ ಲಂಗದ ಕಂದು ಬಣ್ಣಕ್ಕೆ ಬಂದ ತಕ್ಷಣ "ಸಾಕಮ್ಮ, ನನ್ನ ಸ್ಕರ್ಟ್ ಬಂತು" ಎನ್ನುತ್ತಿದ್ದಳು. ನೀನು ನಿಲ್ಲಿಸುತ್ತಿದ್ದೆ. ಆ ಅಳತೆ ಅವಳ ಸ್ವರದಲ್ಲಿತ್ತು. ಈ ಹತ್ತು ವರ್ಷ ನೀನು ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿದುಕೊಂಡೆ? ಇದನ್ನು ನಾನು ಎಂದೋ ಕೇಳಬೇಕಿತ್ತು. ಆ ಸಾಲನ್ನು ತುಂಬಲು ನಿನ್ನಿಂದ ಮಾತ್ರ ಆಗುತ್ತದೆ.

ಈಗ ನಾನು ಯಾಕೆ ಒಪ್ಪುವ ಕಡೆಗೆ ವಾಲಿದ್ದೇನೆ ಎಂಬುದು. ಅವಳ ಆತ್ಮ ಕೇಳುತ್ತಿದೆ ಎಂದು ಯಾರೂ ನನಗೆ ಹೇಳಿಲ್ಲ, ಹೇಳಿದ್ದರೆ ನಾನು ಕೇಳುತ್ತಲೂ ಇರಲಿಲ್ಲ. ನನಗೆ ಐವತ್ತೆರಡು, ನಿನಗೆ ನಲವತ್ತೊಂಬತ್ತು. ಪ್ರಣೀತಾ ಒಬ್ಬಳೇ ಮಗಳು. ದೀಪಾವಳಿಗೆ ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ನಾವಿಬ್ಬರು ಚಾವಡಿಯಲ್ಲಿ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ನಾನು ಕೆಮ್ಮಿ ಬಾಗಿಲು ತೆರೆಯುತ್ತೇನೆ. ಮುಂದೆ ಒಂದು ವರ್ಷ ಆ ಚಾವಡಿಯಲ್ಲಿ ಒಬ್ಬರೇ ಇರುತ್ತೇವೆ. ಅದರ ನಂತರದ ಒಂದು ವರ್ಷ ಯಾರೂ ಇರುವುದಿಲ್ಲ. ಆಮೇಲೆ ಅವಳಿಗೆ ಎಲೆ ಹಾಕುವವರು ಯಾರು? ಅವಳ ಹೆಸರನ್ನು ಊಟದ ಹೊತ್ತಿನಲ್ಲಿ ಕರೆಯುವವರು ಯಾರು? ಕಾಲೇಜಿನಲ್ಲಿ ಮುಖ್ಯವಾದ ಪ್ರತಿ ಉಪಕರಣಕ್ಕೆ ನಾನು ಇನ್ನೊಂದನ್ನು ಸಿದ್ಧವಾಗಿಟ್ಟಿರುತ್ತೇನೆ, ಒಂದು ನಿಂತರೆ ಕೆಲಸ ನಿಲ್ಲಬಾರದೆಂದು. ಮಗಳ ವಿಷಯದಲ್ಲಿ ಅಂಥ ಏರ್ಪಾಡನ್ನು ನಾನು ಮಾಡಿಲ್ಲ. ಬೆಟ್ಟಂಪಾಡಿಯಲ್ಲಿ ಆ ಮಗು ಅವಳನ್ನು ಚಿಕ್ಕಮ್ಮ ಎಂದಾಗ ನನಗೆ ಹೊಳೆದದ್ದು ಇಷ್ಟೇ. ಇವಳಿಗೆ ಏಳು ವರ್ಷ. ಇವಳು ಇನ್ನೂ ಬಹಳ ಕಾಲ ಇರುತ್ತಾಳೆ.

ಇದರ ಬೆಲೆಯನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ. ಮದುವೆಯಾದ ಮೇಲೆ ಅವಳ ಎಲೆ ಅಲ್ಲಿಗೆ ಹೋಗುತ್ತದೆ. ದೀಪಾವಳಿಗೆ ನಮ್ಮ ಮನೆಯಲ್ಲಿ ಬಡಿಸುವುದಕ್ಕೆ ಇರುವುದಿಲ್ಲ. ಆಗ ನಿನಗೆ ಮಡಿಲಿನಲ್ಲಿ ಡಬ್ಬಿ ಇಟ್ಟುಕೊಂಡು ಸುಳ್ಯದ ಬಸ್ಸು ಹತ್ತುವ ಕೆಲಸವೂ ಉಳಿಯುವುದಿಲ್ಲ. ಆ ಒಂದು ದಿನ, ಬಾಗಿಲು ತೆರೆದ ಮೇಲೆ, ಅವಳ ಎಲೆಯ ಕೇಕನ್ನು ನಾವು ಎರಡು ಪಾಲು ಮಾಡಿ ತಿನ್ನುತ್ತೇವೆ. ಕಾಫಿ ನಾನು ಮಾಡುತ್ತೇನೆ, ನೀನು ಸಕ್ಕರೆ ಹೆಚ್ಚಾಯಿತು ಎನ್ನುತ್ತೀ. ನೀನು ಹೋದ ಮೇಲೆ ತೊಳೆಯಲು ಎರಡು ಲೋಟ ಇರುತ್ತವೆ. ಇದನ್ನೆಲ್ಲ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಒಪ್ಪುವುದಾದರೆ ದಿನ ಜೂನಿನ ಕೊನೆಯ ಭಾನುವಾರ, ಅವರ ಮನೆಯಲ್ಲಿ. ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ. ಧಾರೆಗೆ ತಾಯಿಯೇ ಬೇಕೆಂದಿಲ್ಲವಂತೆ, ನನ್ನ ಅಕ್ಕ ನಿಂತರೂ ನಡೆಯುತ್ತದೆ ಎಂದು ತ್ಯಾಂಪಣ್ಣನವರು ಹೇಳಿದರು. ನಡೆಯುವುದಿಲ್ಲ ಎಂದು ನಾನು ಹೇಳಿ ಬಂದಿದ್ದೇನೆ. ನೀನು ಬೇಡವೆಂದರೆ ಅಲ್ಲಿಗೇ ನಿಲ್ಲಿಸುತ್ತೇನೆ, ಮುಂದೆ ಎಂದೂ ಎತ್ತುವುದಿಲ್ಲ. ಅವಳು ಹದಿನೈದರವಳಾಗಿಯೇ ಇರಲಿ. ನನಗೂ ಆ ಪ್ರಾಯದ ಅವಳೇ ಚೆನ್ನಾಗಿ ಗೊತ್ತು. ಇಪ್ಪತ್ತಾರರವಳನ್ನು ನಾನು ಲೆಕ್ಕದಲ್ಲಿ ಮಾತ್ರ ಬಲ್ಲೆ.

ಈಗ ಡಬ್ಬಿ ತೆರೆ. ಒಂದು ತುಂಡು ತಿಂದು ನೋಡು. ಸರಿಯಿಲ್ಲ ಎಂದು ನನಗೆ ಗೊತ್ತಿದೆ. ಎಲ್ಲಿ ಸರಿಯಿಲ್ಲ ಎಂದು ನೀನು ಹೇಳಬೇಕು. ಬರಹದ ಹಾಳೆಯನ್ನು ಡಬ್ಬಿಯ ಮುಚ್ಚಳದ ಒಳಗೆ ಮಡಚಿ ಇಟ್ಟಿದ್ದೇನೆ. ಅಸ್ಕರ್ ಗುರುವಾರ ಮತ್ತೆ ಆ ದಾರಿಯಾಗಿ ಬರುತ್ತಾನೆ.

ನಿನ್ನ ಉತ್ತರವನ್ನು ಕಾಯುವ
ತೀರ್ಥರಾಮ

ಮರೆತ ವಿಷಯ: ಒಂದು ಮಾತು ಬಿಟ್ಟುಹೋಯಿತು ಎಂದು ಬರೆಯುವವನಿದ್ದೆ. ಅದು ಸರಿಯಲ್ಲ. ಬೆಳಿಗ್ಗೆಯಿಂದ ಅದನ್ನು ಬರೆಯಲು ನನಗೆ ಜಾಗ ಸಿಕ್ಕಿರಲಿಲ್ಲ. ಬೆಟ್ಟಂಪಾಡಿಯಲ್ಲಿ ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಪಂಕಜಾಕ್ಷಿಯವರು ಹಿಂದಿನಿಂದ ಬಂದರು. "ಜೂನಿಗೆ ಮದುವೆ ಆದ್ರೆ ಮುಂದೆ ಜುಲೈಯಲ್ಲೇ ಆಟಿ ತಿಂಗಳು. ಹೊಸ ಮದುಮಗಳು ಆಟಿಗೆ ಅಮ್ಮನ ಮನೆಗೆ ಹೋಗ್ಬೇಕಲ್ಲ. ಇವಳಿಗೂ ಆ ಕ್ರಮ ತಪ್ಪಿಸುದು ಬೇಡ, ಪ್ರತಿ ಆಟಿಗೂ ಕಳಿಸುವ. ನಮ್ಮವರು ಕರ್ಕೊಂಡು ಬಂದು ಬಿಡ್ತಾರೆ, ನೀವಿಬ್ರು ಎಲೆ ಹಾಕಿ ಬಡಿಸಿ. ಯಾವ ಮನೆಗೆ ಕಳಿಸುದು ಅಂತ ಹೇಳಿ" ಎಂದರು. ನೀನು ಕೊಯಿಲದಲ್ಲಿರುವುದು ಅವರಿಗೆ ಯಾರಿಂದಲೋ ತಿಳಿದಿತ್ತು. ನಾನು ಸುಳ್ಯ ಎನ್ನಲಿಲ್ಲ, ಕೊಯಿಲ ಎನ್ನಲೂ ಬಾಯಿ ಬರಲಿಲ್ಲ. ಅವಳ ಅಮ್ಮ ಇರುವಲ್ಲಿಗೆ ಎಂದೆ. ಅದು ಎಲ್ಲಿ ಎಂದು ನೀನು ತಿಳಿಸಬೇಕು. ನಿನ್ನ ಗುಂಡು ಓವನ್ನಿಗೆಂದು ಅಡುಗೆಮನೆಯ ಗೋಡೆಯಲ್ಲಿ ಹಾಕಿಸಿದ್ದ ಪ್ಲಗ್ ಪಾಯಿಂಟ್ ಹಾಗೆಯೇ ಇದೆ. ಅದಕ್ಕೆ ನಾನು ಬೇರೆ ಏನನ್ನೂ ಜೋಡಿಸಿಲ್ಲ. ನಿನ್ನೆ ಪರೀಕ್ಷಿಸಿ ನೋಡಿದೆ, ಕರೆಂಟ್ ಬರುತ್ತಿದೆ.